42 ದಿನಗಳ ಮೇಲೆ ಇನ್ನೊಂದು ವರ್ಷ

ಕೊಡಗಿನ ನಮ್ಮ ಮನೆಯಲ್ಲಿ, ಅಕ್ಟೋಬರ್ ನಡುವೆ ಬರುವ ಕಾವೇರಿ ತುಲಾ ಸಂಕ್ರಮಣ ಮುಗಿದ ಕೂಡಲೇ ಅಜ್ಜಿ ದ್ರಾಕ್ಷಿ ವೈನಿಗೆ ಕೈಹಾಕುತ್ತಿದ್ದರು. ಸಂತೆಯಿಂದ ತಂದ, ಬೀಜವಿರುವ ಬೆಂಗಳೂರು ನೀಲಿ ದ್ರಾಕ್ಷಿಯನ್ನು ತೊಳೆದು, ನೆರಳಿನಲ್ಲಿ ಆರಿಸಿ, ಭರಣಿಯೊಳಗೆ ಕೈಯಿಂದಲೇ ಕಿವುಚಿ, ಸಕ್ಕರೆ, ಕಾಯಿಸಿ ಆರಿಸಿದ ನೀರು, ಒಂದು ಹಿಡಿ ಗೋಧಿ, ಚಿಟಿಕೆ ಈಸ್ಟ್ ಹಾಕಿ ಬಾಯಿಗೆ ಬಟ್ಟೆ ಕಟ್ಟುತ್ತಿದ್ದರು. ಅಲ್ಲಿಂದ 21 ದಿನ, ದಿನಕ್ಕೊಮ್ಮೆ ಮರದ ಸೌಟಿನಿಂದ ತಿರುವುವುದು ನನ್ನ ಕೆಲಸ. ಸೋಸಿದ ಮೇಲೆ ಮತ್ತೆ 21 ದಿನ ಭರಣಿಯ ಹತ್ತಿರ ಯಾರೂ ಸುಳಿಯುವಂತಿರಲಿಲ್ಲ. "ಮುಟ್ಟಬೇಡ ಮಗ, ಹುತ್ತರಿ ಬರಲಿ" ಎನ್ನುತ್ತಿದ್ದರು. ಒಟ್ಟು 42 ದಿನ ಕಳೆಯುವ ಹೊತ್ತಿಗೆ ನಮ್ಮ ಸುಗ್ಗಿಹಬ್ಬವಾದ ಹುತ್ತರಿಯ ಹುಣ್ಣಿಮೆಯೂ ಹತ್ತಿರವಾಗಿರುತ್ತಿತ್ತು.

ಕೆನಡಾದ ಕ್ಯಾಲ್ಗರಿಗೆ ಬಂದು ಕೆಲವು ವರ್ಷಗಳಾದ ಮೇಲೆ ನಾನು ಮೊದಲ ವೈನ್ ಕಿಟ್, ಅಂದರೆ ಮನೆಯಲ್ಲೇ ವೈನ್ ಮಾಡುವ ಸಾಮಗ್ರಿಗಳ ಪೆಟ್ಟಿಗೆ, ಕೊಂಡೆ. ಕ್ಯಾಬರ್ನೆ ಸೊವಿನ್ಯೋನ್ ಎಂಬ ಕೆಂಪು ವೈನಿನ ಆ ಕಿಟ್ಟಿನ ಪೆಟ್ಟಿಗೆಯ ಮೇಲೆ ಆರು ವಾರ ಎಂದು ಬರೆದಿತ್ತು. ಲೆಕ್ಕ ಹಾಕಿದರೆ ಅದೂ 42 ದಿನವೇ. ಅಜ್ಜಿಯ ಲೆಕ್ಕವೂ ಪೆಟ್ಟಿಗೆಯ ಲೆಕ್ಕವೂ ಒಂದೇ ಆಗಿರುವುದನ್ನು ಕಂಡು ಹಿಗ್ಗಿದ ನನಗೆ, ಎರಡರ ಅರ್ಥ ಬೇರೆ ಬೇರೆ ಎಂಬುದು ತಿಳಿಯಲು ಒಂದು ವರ್ಷ ಬೇಕಾಯಿತು. ಅಜ್ಜಿಯ 42ನೆಯ ದಿನ ವೈನ್ ಕುಡಿಯುವ ದಿನ. ಕಿಟ್ಟಿನ 42ನೆಯ ದಿನ ಅದನ್ನು ಬಾಟಲಿಗೆ ತುಂಬುವ ದಿನ, ಅಷ್ಟೇ. ಇದನ್ನು ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿಯೇ ಅಚ್ಚು ಹಾಕಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಕಿಟ್ಟಿನಲ್ಲಿ ಇರುವುದು ಗಟ್ಟಿಯಾಗಿಸಿದ ದ್ರಾಕ್ಷಿರಸದ ಚೀಲ, ಈಸ್ಟ್, ಬೆಂಟೊನೈಟ್ ಎಂಬ ಜೇಡಿಮಣ್ಣು, ವೈನ್ ಕೆಡದಂತೆ ಕಾಯುವ ಸಲ್ಫೈಟ್, ತಿಳಿಗೊಳಿಸುವ ದ್ರಾವಣ ಮತ್ತು ಓಕ್ ಮರದ ಚೂರುಗಳು. ನೀರು ಬೆರೆಸಿ 23 ಲೀಟರ್ ಮಾಡಿದರೆ 750 ಮಿಲಿಲೀಟರಿನ 30 ಬಾಟಲಿಗಳಾಗುತ್ತವೆ. ರಸದ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನ ಅಂಕಿ 1.090ರ ಸುಮಾರಿನಿಂದ 0.996ಕ್ಕೋ ಅದಕ್ಕೂ ಕೆಳಕ್ಕೋ ಇಳಿದರೆ ಸಕ್ಕರೆ ಬಹುಪಾಲು ಮುಗಿದಂತೆ. ಅಜ್ಜಿಯ ಭರಣಿಗೆ ಇಂಥ ಅಳತೆ ಇರಲಿಲ್ಲ.

ಆ ಮೊದಲ ಕಿಟ್ಟಿನ ಬಾಟಲಿಗಳನ್ನು ಒಂದೊಂದಾಗಿ ತೆರೆದಾಗ ಬರೆದಿಟ್ಟ ಪುಸ್ತಕ ಈಗಲೂ ನನ್ನಲ್ಲಿದೆ. ಆರನೆಯ ವಾರದ ಪುಟದಲ್ಲಿ "ಕಡ್ಡಿಪೆಟ್ಟಿಗೆಯ ವಾಸನೆ, ನಾಲಿಗೆ ಚುರುಗುಟ್ಟುತ್ತದೆ" ಎಂದಿದೆ. ವಾಸನೆ ಆಗಷ್ಟೇ ಹಾಕಿದ ಸಲ್ಫೈಟಿನದು. ಚುರುಗುಟ್ಟಿದ್ದು ನಾನು ಸರಿಯಾಗಿ ಕಲಕಿ ಹೊರಹಾಕದೆ ಬಿಟ್ಟ ಇಂಗಾಲದ ಡೈಆಕ್ಸೈಡ್. ಮೂರನೆಯ ತಿಂಗಳಿಗೆ ವಾಸನೆ ಹೋಗಿತ್ತಾದರೂ ಬೇಯಿಸಿದ ಹಣ್ಣಿನಂತಹ, ಬಲ್ಲವರು ಕಿಟ್ ರುಚಿ ಎಂದೇ ಕರೆಯುವ ಒಂದು ರುಚಿ ಮುಂದೆ ನಿಂತಿತ್ತು. ಓಕ್ ಮರದ ಒಗರು ಬೇರೆಯಾಗಿಯೇ ಉಳಿದಿತ್ತು. ಎಂಟನೆಯ ತಿಂಗಳ ಪುಟದಲ್ಲಿ ನಾನು ಹೆಚ್ಚೇನೂ ಬರೆದಿಲ್ಲ, "ಒಗರು ಮೆತ್ತಗಾಗಿದೆ" ಎಂದಷ್ಟೇ ಇದೆ. ಹದಿಮೂರನೆಯ ತಿಂಗಳಲ್ಲಿ ಕೊನೆಯ ಎರಡು ಬಾಟಲಿಗಳಲ್ಲಿ ಒಂದನ್ನು ಬಗ್ಗಿಸಿದಾಗ ತಳದಲ್ಲಿ ತೆಳ್ಳನೆಯ ಕಪ್ಪುಗೆಂಪು ಗಸಿ ಕಂಡಿತು. ಒಗರಿಗೆ ಕಾರಣವಾದ ಟ್ಯಾನಿನ್ ಕಣಗಳು ನಿಧಾನವಾಗಿ ಒಂದಕ್ಕೊಂದು ಕೂಡಿಕೊಂಡು, ಭಾರವಾಗಿ, ಬಣ್ಣದ ಒಂದಷ್ಟನ್ನು ಜೊತೆಗೆ ಕರೆದುಕೊಂಡು ಕೆಳಗಿಳಿದದ್ದರ ಗುರುತು ಅದು. ಮೇಲೆ ಉಳಿದ ತಿಳಿಯಲ್ಲಿ ಹಣ್ಣು, ಹುಳಿ, ಮರ ಮೂರೂ ಒಂದಾಗಿದ್ದವು. ಆಗ ಉಳಿದಿದ್ದದ್ದು ಒಂದೇ ಬಾಟಲಿ ಎಂಬ ಸಂಕಟ ಇಂದಿಗೂ ಹೋಗಿಲ್ಲ.

ಇಲ್ಲಿನ ನಮ್ಮ ಕನ್ನಡಿಗರ ಕೂಟಗಳಲ್ಲಿ ಈ ಮಾತು ಬಂದಾಗಲೆಲ್ಲ, ವೈನ್ ಹಳೆಯದಾದಷ್ಟೂ ಒಳ್ಳೆಯದು ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಅಜ್ಜಿಯ ವೈನ್ ಹುತ್ತರಿ ದಾಟಿ ಉಳಿದರೆ ಶಿವರಾತ್ರಿಯ ಹೊತ್ತಿಗೆ ಹುಳಿ ಹಿಡಿದು ವಿನೆಗರ್ ಆಗುತ್ತಿತ್ತು. ಗಾಳಿ ಆಡುವ ಬಟ್ಟೆಯ ಮುಚ್ಚಳ, ಅರ್ಧ ಖಾಲಿಯಾದ ಭರಣಿ, ಸಲ್ಫೈಟಿನ ಕಾವಲಿಲ್ಲದ ರಸ, ಇಷ್ಟಿದ್ದರೆ ಹುಳಿ ಹಿಡಿಸುವ ಬ್ಯಾಕ್ಟೀರಿಯಾಗಳಿಗೆ ಮತ್ತೇನು ಬೇಕು? ಬಹುಪಾಲನ್ನು ಹುತ್ತರಿಗೇ ಮುಗಿಸುತ್ತಿದ್ದದ್ದು ಅಜ್ಜಿಯ ವಿವೇಕ. ಕಿಟ್ಟುಗಳಲ್ಲಿಯೂ ರಸ ಕಡಿಮೆಯಿರುವ ಅಗ್ಗದ ನಾಲ್ಕು ವಾರದವು ವರ್ಷ ದಾಟಿದರೆ ಸಪ್ಪೆಯಾಗುತ್ತವೆ. ರೀಸ್ಲಿಂಗ್‌ನಂತಹ ಬಿಳಿ ವೈನನ್ನು ನಾನು ಆರು ತಿಂಗಳಿಗಿಂತ ಹೆಚ್ಚು ಇಡುವುದಿಲ್ಲ. ಕಾಯುವಿಕೆಯನ್ನು ತಾಳುವ ಸತ್ವ ಮೊದಲು ರಸದಲ್ಲಿರಬೇಕು.

ಕಾಯುವುದೆಂದರೆ ಮರೆತು ಬಿಡುವುದು ಎಂದು ತಿಳಿದವರೂ ಇದ್ದಾರೆ. ಕ್ಯಾಲ್ಗರಿಯ ಚಳಿಗಾಲದಲ್ಲಿ ಹೀಟರಿನ ಒಣಗಾಳಿಗೆ, ಹೊರಗಾಳಿ ಒಳಬಾರದಂತೆ ಗಾಜಿನ ಬುರುಡೆಯ ಬಾಯಿಗೆ ಹಾಕಿದ ಏರ್‌ಲಾಕಿನ ನೀರು ಕೆಲವೇ ವಾರಗಳಲ್ಲಿ ಇಂಗಿಹೋಗುತ್ತದೆ. ನೋಡದಿದ್ದರೆ 23 ಲೀಟರಿಗೂ ಗಾಳಿ ಸೇರುತ್ತದೆ. ಗಸಿ ಬಿಟ್ಟು ತಿಳಿಯನ್ನು ಬೇರೆ ಬುರುಡೆಗೆ ಇಳಿಸಿದಾಗ ಕಡಿಮೆಯಾದಷ್ಟನ್ನು ಅದೇ ಬಗೆಯ ವೈನಿನಿಂದ ಕಂಠಮಟ್ಟ ತುಂಬಬೇಕು. ಆರು ತಿಂಗಳಿಗಿಂತ ಹೆಚ್ಚು ಇಡುವುದಾದರೆ ಬಾಟಲಿಗೆ ತುಂಬುವ ಮೊದಲು ಅಷ್ಟೂ 23 ಲೀಟರಿಗೆ ಒಟ್ಟು ಕಾಲು ಟೀ ಚಮಚ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಎಂಬ ಸಲ್ಫೈಟ್ ಪುಡಿ ಸೇರಿಸಬೇಕು.

ಇಷ್ಟೆಲ್ಲ ಗೊತ್ತಿದ್ದರೂ ಇಲ್ಲಿ ಕಾಯುವುದು ಕಷ್ಟವೇಕೆ ಎಂದು ಬಹಳ ಯೋಚಿಸಿದ್ದೇನೆ. ಊರಿನಲ್ಲಿ ತಾಳ್ಮೆ ನಮ್ಮೊಬ್ಬೊಬ್ಬರ ಗುಣವಾಗಿರಬೇಕಿರಲಿಲ್ಲ. ಪಂಚಾಂಗವೇ ನಮ್ಮನ್ನು ಕಾಯಿಸುತ್ತಿತ್ತು. ಹುತ್ತರಿಯ ರಾತ್ರಿ ಗದ್ದೆಯಲ್ಲಿ ಕದಿರು ತೆಗೆದು, ಹೊಸ ಅಕ್ಕಿಯ ಪಾಯಸ ಉಂಡು, ಹೊಸ ವೈನ್ ಕುಡಿದ ಅದೇ ಮನೆಯವರು ಮರುದಿನದಿಂದ ಉಣ್ಣುತ್ತಿದ್ದದ್ದು ಪತ್ತಾಯದಲ್ಲಿ ವರ್ಷ ಕಳೆದ ಭತ್ತದ ಅಕ್ಕಿಯನ್ನು, ಏಕೆಂದರೆ ಹೊಸ ಅಕ್ಕಿಯ ಅನ್ನ ಅಂಟಿ ಮುದ್ದೆಯಾಗುತ್ತದೆ. ಹೊಸದಕ್ಕೆ ಒಂದು ದಿನ, ಹಳೆಯದಕ್ಕೆ ಉಳಿದ ವರ್ಷ ಎಂಬ ಹಂಚಿಕೆ ಅಲ್ಲಿತ್ತು. ಇಲ್ಲಿ ಬೇಸ್‌ಮೆಂಟಿನ ಮೂವತ್ತು ಬಾಟಲಿಗಳಿಗೂ ಯಾವ ಹಬ್ಬಕ್ಕೂ ನಂಟಿಲ್ಲ. ಬಾಟಲಿಯೊಂದಕ್ಕೆ ಎಷ್ಟು ಡಾಲರ್ ಉಳಿಯಿತು ಎಂಬ ಲೆಕ್ಕವೇ ಮೊದಲು ಬರುವುದರಿಂದ, ಯಾವ ಶುಕ್ರವಾರವಾದರೂ ಸೈ, ಕಾರ್ಕ್ ಬಿಚ್ಚಿಬಿಡುತ್ತೇವೆ.

ಅದಕ್ಕಾಗಿ ಈಗ ನಾನು ಊರಿನ ತಾರೀಖುಗಳನ್ನೇ ಇಲ್ಲಿಗೆ ತಂದಿದ್ದೇನೆ. ಜನವರಿಯಲ್ಲಿ ಕಿಟ್ ಹೂಡಿ, ಈಸ್ಟಿಗೆ ಬೇಕಾದ ಬಿಸುಪಿಗಾಗಿ ಮೊದಲ ವಾರ ಅಡುಗೆಮನೆಯ ಪಕ್ಕದಲ್ಲಿಟ್ಟು, ಆಮೇಲೆ ಕೆಳಗಿನ ತಂಪಿಗೆ ಇಳಿಸುತ್ತೇನೆ. ಪೆಟ್ಟಿಗೆ ಏನೇ ಹೇಳಲಿ, ಮೇ ತಿಂಗಳವರೆಗೆ ಅದು ಗಾಜಿನ ಬುರುಡೆಯಲ್ಲಿಯೇ ತಿಳಿಯಾಗುತ್ತದೆ. ಬಾಟಲಿಗೆ ತುಂಬಿದ ಮೇಲೆ ಆರನ್ನು ಮಾತ್ರ ಅದೇ ವರ್ಷದ ಹುತ್ತರಿಗೆಂದು ತೆಗೆದಿಟ್ಟು, ಉಳಿದ 24ರ ಕೊರಳಿಗೆ ಮರುವರ್ಷದ ಹುತ್ತರಿಯ ತಾರೀಖು ಬರೆದ ಚೀಟಿ ಕಟ್ಟಿ, ಕಾರ್ಕ್ ಒಣಗದಂತೆ ಮಲಗಿಸಿಡುತ್ತೇನೆ.