ಬ್ರೇಕ್ ಕಿರುಚಿದರೆ ಎಣ್ಣೆ ಹೊಡೆಯಬೇಡಿ, ದಯವಿಟ್ಟು

ಭಾನುವಾರ ಸಕಲೇಶಪುರದ ಹತ್ತಿರ ಒಂದು ಹೋಂಸ್ಟೇಗೆ ಹೋಗಿದ್ದೆ. ಅಂಗಳದಲ್ಲಿ ಎಟಿವಿ (ದಪ್ಪ ಟೈರಿನ ನಾಲ್ಕು ಚಕ್ರದ ಬೈಕ್) ಸವಾರಿ ನಡೀತಾ ಇತ್ತು. ಬೆಂಗಳೂರಿನಿಂದ ಬಂದ ಒಂದು ಕುಟುಂಬ ಸರದಿಗೆ ಕಾಯುತ್ತಿತ್ತು. ಒಂದು ಸುತ್ತು ಮುಗಿಸಿ ಬಂದ ಗಾಡಿ ಬ್ರೇಕ್ ಹಿಡಿದಾಗಲೆಲ್ಲ ಕೀಂಯ್ ಅಂತ ಕಿರುಚುತ್ತಿತ್ತು. ಕೆಲಸದ ಹುಡುಗ ಓಡಿ ಬಂದ. ಕೈಯಲ್ಲಿ ತುಕ್ಕು ಬಿಡಿಸೋ ಎಣ್ಣೆ ಸ್ಪ್ರೇ. ಮುಂದಿನ ಎಡ ಚಕ್ರದ ಡಿಸ್ಕ್ (ಚಕ್ರದ ಜೊತೆ ತಿರುಗುವ ಬ್ರೇಕಿನ ತಟ್ಟೆ) ಮೇಲೆ ನೇರವಾಗಿ ಹೊಡೆದೇಬಿಟ್ಟ. ನಾನು ಕೂಗಿಕೊಂಡೆ. "ಏನೂ ಆಗಲ್ಲ ಸಾರ್, ಈಗ ಸೌಂಡ್ ನಿಲ್ಲುತ್ತೆ" ಅಂದ.

ಸೌಂಡ್ ನಿಂತಿತು. ನನ್ನ ಸಿಟ್ಟು ಇರುವುದೇ ಅಲ್ಲಿ.

ಹುಡುಗನ ಮೇಲೆ ಸಿಟ್ಟಿಲ್ಲ. ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಸಿಟ್ಟು ಬಂದದ್ದು ಮಾಲೀಕರ ಮೇಲೆ. "ಗೆಸ್ಟ್‌ಗಳು ಸೌಂಡ್ ಬಗ್ಗೆ ಕಂಪ್ಲೇಂಟ್ ಮಾಡ್ತಾರೆ, ಅದಕ್ಕೇ ದಿನಾ ಹೊಡೀತೀವಿ" ಅಂದರು. ದಿನಾ! ಆ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸುವ ತನಕ ನಾನು ಜಾಗ ಬಿಟ್ಟು ಕದಲಲಿಲ್ಲ. ಜಗಳಗಂಟ ಅಂದುಕೊಂಡಿರಬಹುದು. ಅಂದುಕೊಳ್ಳಲಿ.

ಬ್ರೇಕ್ ಕೆಲಸ ಮಾಡೋದೇ ಉಜ್ಜಾಟದಿಂದ. ಪ್ಯಾಡ್ ಹೋಗಿ ಡಿಸ್ಕನ್ನು ಒತ್ತಿ ಹಿಡಿಯಬೇಕು, ಓಡುವ ಗಾಡಿಯ ವೇಗವೆಲ್ಲ ಅಲ್ಲಿ ಶಾಖವಾಗಬೇಕು. ಅದರ ನಡುವೆ ಎಣ್ಣೆ ಬಿದ್ದರೆ ಹಿಡಿತ ಎಲ್ಲಿಂದ ಬರಬೇಕು? ಡಿಸ್ಕ್ ಲೋಹದ್ದು, ಒರೆಸಿ ಸರಿ ಮಾಡಬಹುದು. ಪ್ಯಾಡ್ ಹಾಗಲ್ಲ. ಅದರೊಳಗೆ ಸಣ್ಣ ಸಣ್ಣ ರಂಧ್ರಗಳಿರುತ್ತವೆ, ಎಣ್ಣೆ ಹೀರಿಕೊಳ್ಳುತ್ತೆ. ಒಮ್ಮೆ ಹೀರಿತು ಅಂದರೆ ಮುಗೀತು, ಆ ಪ್ಯಾಡ್ ಬಿಸಾಡಬೇಕು. ಒಂದೇ ಕಡೆ ಎಣ್ಣೆ ಬಿದ್ದಿದ್ದರೆ ಇನ್ನೂ ಕೆಟ್ಟದ್ದು. ಬಲಚಕ್ರ ಹಿಡಿಯುತ್ತೆ, ಎಡಚಕ್ರದ ಬ್ರೇಕ್ ಜಾರುತ್ತೆ, ಗಾಡಿ ಒಂದು ಕಡೆಗೆ ಎಳೆಯುತ್ತೆ. ಸಮತಟ್ಟು ಜಾಗದಲ್ಲಿ ಹೇಗೋ ಆಗಬಹುದು. ನಮ್ಮ ಮಲೆನಾಡಿನ ಇಳಿಜಾರಿನಲ್ಲಿ ಗಾಡಿ ಮಗುಚೋದಕ್ಕೆ ಅಷ್ಟು ಸಾಕು.

ನಾಯಿ ಬೊಗಳುತ್ತೆ ಅಂತ ಅದರ ಬಾಯಿ ಕಟ್ಟಿದರೆ ಕಳ್ಳ ಬರೋದು ನಿಲ್ಲುತ್ತಾ?

ನಾನು ಗಾಡಿ ಬಿಚ್ಚಿ ಕೂರುವವನು ಅಂತ ನಿಮಗೆಲ್ಲ ಗೊತ್ತೇ ಇದೆ. ನಮ್ಮ ಕಡೆ ಎಟಿವಿ ಬ್ರೇಕ್ ಕಿರುಚೋಕೆ ಮೊದಲ ಕಾರಣ ಕೆಂಪು ಮಣ್ಣು. ಕೆಸರು ಹೋಗಿ ಪ್ಯಾಡ್ ಮತ್ತು ಡಿಸ್ಕ್ ನಡುವೆ ಕೂರುತ್ತೆ, ಒಣಗುತ್ತೆ, ಮರಳಿನ ಹಾಗೆ ಉಜ್ಜುತ್ತೆ. ಎಷ್ಟೋ ಸಲ ಬರೀ ನೀರಿನಲ್ಲಿ ಚೆನ್ನಾಗಿ ತೊಳೆದರೆ ಸದ್ದು ಹೋಗುತ್ತೆ. ಹೋಗದಿದ್ದರೆ ಗಾಡಿ ಎತ್ತಿ, ಭದ್ರವಾಗಿ ಸ್ಟ್ಯಾಂಡ್ ಕೊಟ್ಟು, ಚಕ್ರ ಬಿಚ್ಚಿ. ಪ್ಯಾಡ್ ಈಚೆ ತೆಗೆದು ನೋಡಿ. ಸವೆದು ಹಿಂದಿನ ಲೋಹದ ತಗಡು ಹತ್ತಿರ ಬಂದಿದೆಯಾ? ಆ ಗಾಡಿಗೆ ಎಷ್ಟು ದಪ್ಪ ಉಳಿದಿರಬೇಕು ಅಂತ ಅದರ ಪುಸ್ತಕದಲ್ಲೇ ಇರುತ್ತೆ. ಅದಕ್ಕಿಂತ ಕಡಿಮೆ ಇದ್ದರೆ ಎರಡನೇ ಮಾತಿಲ್ಲ, ಹೊಸದು ಹಾಕಿ. ಕೀಂಯ್ ಹೋಗಿ ಕರಕರ ಅಂತ ಸದ್ದು ಬರ್ತಾ ಇದ್ದರೆ ತಗಡೇ ಡಿಸ್ಕ್ ತಿನ್ನುತ್ತಿರಬಹುದು. ಅಂಥ ಗಾಡಿಯನ್ನು ಒಂದು ಮಾರು ಕೂಡ ಓಡಿಸಬಾರದು.

ಪ್ಯಾಡ್ ದಪ್ಪ ಇದ್ದು ಮುಖ ಮಾತ್ರ ಗಾಜಿನಂತೆ ಹೊಳೀತಾ ಇದ್ದರೆ ಅದು ಕಾದು ಗಟ್ಟಿಯಾಗಿದೆ ಅಂತ ಅರ್ಥ. ಸಮತಟ್ಟಾದ ಜಾಗದ ಮೇಲೆ ಸ್ಯಾಂಡ್‌ಪೇಪರ್ ಇಟ್ಟು ಮೆಲ್ಲಗೆ ಉಜ್ಜಿದರೆ ಆ ಹೊಳಪು ಹೋಗುತ್ತೆ. ಮೂಗು ಮುಚ್ಚಿಕೊಂಡು ಮಾಡಿ. ಆ ಧೂಳನ್ನು ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಡಿಸ್ಕನ್ನು ಬ್ರೇಕ್ ಕ್ಲೀನರ್‌ನಿಂದ ಒರೆಸಿ. ಸೀಮೆಎಣ್ಣೆ, ಡೀಸೆಲ್ ಬೇಡ. ಅವು ಒಳಗಿನ ರಬ್ಬರ್ ಸೀಲನ್ನು ಉಬ್ಬಿಸಿ ಹಾಳು ಮಾಡುತ್ತವೆ.

ಆಮೇಲೆ ಯಾರೂ ನೋಡದ ಜಾಗ ಒಂದಿದೆ. ಪ್ಯಾಡ್‌ಗಳನ್ನು ಹಿಡಿದು ಡಿಸ್ಕ್‌ಗೆ ಒತ್ತುವ ಕ್ಯಾಲಿಪರ್ ಅತ್ತ ಇತ್ತ ಸರಿಯಲು ಪಿನ್‌ಗಳಿರುತ್ತವೆ. ಅವು ಒಣಗಿ ತುಕ್ಕು ಹಿಡಿದರೆ ಕ್ಯಾಲಿಪರ್ ಸಿಕ್ಕಿಕೊಳ್ಳುತ್ತೆ. ಬ್ರೇಕ್ ಬಿಟ್ಟ ಮೇಲೂ ಪ್ಯಾಡ್ ಉಜ್ಜುತ್ತಲೇ ಇರುತ್ತೆ. ಇಡೀ ಬ್ರೇಕಿನಲ್ಲಿ ಗ್ರೀಸ್ ಬೇಕಾಗಿರೋ ಮುಖ್ಯ ಜಾಗ ಇದೇ. ಅದೂ ಬ್ರೇಕ್‌ಗೆಂದೇ ಬರುವ, ಶಾಖ ತಡೆಯುವ ಗ್ರೀಸ್, ಸ್ವಲ್ಪವೇ ಸ್ವಲ್ಪ. ಪ್ಯಾಡ್ ಅಲುಗದಂತೆ ಹಿಡಿಯುವ ಸಣ್ಣ ಕ್ಲಿಪ್ಪನ್ನು ಎಷ್ಟೋ ಜನ ಬಿಚ್ಚಿದಾಗ ಕಳೆದುಬಿಡುತ್ತಾರೆ. ಪ್ಯಾಡ್ ಅದುರಿದರೆ ಕಿರುಚದೆ ಇನ್ನೇನು ಮಾಡುತ್ತೆ?

ಹೊಸ ಪ್ಯಾಡ್ ಕೂರಿಸೋಕೆ ಕ್ಯಾಲಿಪರ್‌ನಲ್ಲಿ ಪ್ಯಾಡನ್ನು ತಳ್ಳುವ ಪಿಸ್ಟನ್ ಒಳಗೆ ತಳ್ಳುವಾಗ ಮೇಲಿನ ಡಬ್ಬಿಯ ಬ್ರೇಕ್ ಆಯಿಲ್ ಏರುತ್ತೆ. ಚೆಲ್ಲಿದರೆ ಪೇಂಟ್ ತಿನ್ನುತ್ತೆ, ನೋಡಿಕೊಳ್ಳಿ. ಬ್ರೇಕ್ ಆಯಿಲಿನ ಬಗೆಗಳಲ್ಲಿ ಡಾಟ್ 3 ಹಾಕಬೇಕಾ, ಡಾಟ್ 4 ಹಾಕಬೇಕಾ ಅಂತ ಮುಚ್ಚಳದ ಮೇಲೇ ಬರೆದಿರುತ್ತೆ. ಎಲ್ಲ ಜೋಡಿಸಿದ ಮೇಲೆ ಗಾಡಿ ಹತ್ತುವ ಮುಂಚೆ ಲಿವರ್ ಗಟ್ಟಿಯಾಗುವ ತನಕ ಒತ್ತಿ ಒತ್ತಿ ಬಿಡಿ. ಇದನ್ನು ಮರೆತರೆ ಮೊದಲ ಸಲ ಹಿಡಿದಾಗ ಬ್ರೇಕೇ ಇರಲ್ಲ.

"ಎಲ್ಲ ಸದ್ದೂ ಅಪಾಯ ಅಲ್ಲ, ಮಾರಾಯ" ಅಂತ ಸ್ನೇಹಿತ ಫೋನಿನಲ್ಲಿ ವಾದ ಮಾಡಿದ. ನಿಜ. ಮಳೆಗಾಲದ ಬೆಳಗ್ಗೆ ಒದ್ದೆ ಡಿಸ್ಕ್ ಒಂದೆರಡು ಸಲ ಕೂಗಿ ಸುಮ್ಮನಾಗುತ್ತೆ. ಕೆಸರಿನಲ್ಲಿ ಬಾಳಿಕೆ ಬರುವ ಲೋಹದ ಪುಡಿಯ ಪ್ಯಾಡ್‌ಗಳು ಸ್ವಲ್ಪ ಸದ್ದು ಜಾಸ್ತಿ ಮಾಡುತ್ತವೆ. ಒಪ್ಪಿದೆ. ಆದರೆ ಬಿಚ್ಚಿ ನೋಡದೆ ಯಾವ ಸದ್ದು ಯಾವುದು ಅಂತ ಹೇಗೆ ಹೇಳ್ತೀರಿ? ಅಪಾಯವಿಲ್ಲದ ಸದ್ದಾದರೆ ಸುಮ್ನೆ ಬಿಟ್ಟುಬಿಡಿ, ಕೂಗಲಿ. ಅದಕ್ಕೂ ಎಣ್ಣೆ ಯಾಕೆ ಬೇಕು?

ಸೀಸನ್‌ನಲ್ಲಿ ಟೈಮ್ ಇಲ್ಲ ಅನ್ನುವ ಮಾತನ್ನಂತೂ ನಾನು ಕೇಳಲಾರೆ. ಸವಾರಿಗೆ ಬರುವವರಲ್ಲಿ ಅರ್ಧ ಜನ ಎಟಿವಿ ಮುಟ್ಟಿದ್ದೇ ಮೊದಲ ಸಲ ಇರುತ್ತೆ. ಬ್ರೇಕ್ ಹಿಡಿದರೆ ಗಾಡಿ ನಿಲ್ಲುತ್ತೆ ಅಂತ ನಂಬಿ ಹತ್ತುತ್ತಾರೆ.

ಇನ್ನೊಂದು ಹೇಳಬೇಕು. ನನ್ನ ಮಗಳು ಈಗ ದೊಡ್ಡವಳು, ತೋಟದಲ್ಲಿ ಗಾಡಿ ಓಡಿಸುತ್ತಾಳೆ. ಅವಳು ಇಳಿಜಾರಿಗೆ ತಿರುಗಿದಾಗ ನಾನು ಯಾರ ಜೊತೆ ಮಾತಾಡ್ತಾ ಇದ್ದರೂ ನಿಲ್ಲಿಸಿ ಆ ಕಡೆಗೆ ಕಿವಿ ಕೊಡುತ್ತೇನೆ. ಬ್ರೇಕ್ ಕಿರುಚೋ ಸದ್ದು ಕೇಳಿ ನಾನು ಗಾಡಿ ನಿಲ್ಲಿಸಿದ್ದಿದೆ, ಸವೆದ ಪ್ಯಾಡ್ ಸಿಕ್ಕಿದ್ದಿದೆ. ಸದ್ದೇ ಬರದಿದ್ದರೆ ನನಗೆ ಗೊತ್ತಾಗುತ್ತಿರಲಿಲ್ಲ.

ಸಕಲೇಶಪುರ, ಮೂಡಿಗೆರೆ ಕಡೆ ಹೋಂಸ್ಟೇ ನಡೆಸುವ ಸ್ನೇಹಿತರು ಯಾರಾದರೂ ಇದನ್ನು ಓದ್ತಾ ಇದ್ದರೆ ಮೆಸೇಜ್ ಮಾಡಿ. ನಾನೇ ಬಂದು ನಿಮ್ಮ ಹುಡುಗರ ಎದುರು ಒಂದು ಚಕ್ರ ಬಿಚ್ಚಿ ತೋರಿಸುತ್ತೇನೆ, ದುಡ್ಡು ಬೇಡ. ಈಗಾಗಲೇ ಎಣ್ಣೆ ಕುಡಿದಿರೋ ಪ್ಯಾಡ್‌ಗಳಿದ್ದರೆ ಹೊಸದು ತರಿಸಿಟ್ಟಿರಿ. ಅಲ್ಲಿಯವರೆಗೆ ಆ ಗಾಡಿ ಶೆಡ್‌ನಲ್ಲೇ ಇರಲಿ.