ಕಾಕಾನ ಉದ್ರಿ ಲೆಕ್ಕ

ಬಾಗಲಕೋಟೆಯ ನಮ್ಮ ಕಾಕಾ ಕಿರಾಣಿ ಅಂಗಡಿ ಮುಚ್ಚಿ ಎಷ್ಟೋ ವರ್ಷ ಆಯ್ತು. ಆದರೆ ಆ ಅಂಗಡಿಯ ಉದ್ರಿ ಲೆಕ್ಕ ಇನ್ನೂ ಒಂದು ಕ್ಯಾಸೆಟ್‌ನಲ್ಲಿದೆ. ಹಾಡಿನ ಕ್ಯಾಸೆಟ್ ಇರ್ತಿತ್ತಲ್ವಾ, ಅದೇ. ಹಾಡಿನ ಬದಲು ಲೆಕ್ಕವೇ ಸದ್ದಾಗಿ ತುಂಬಿದೆ. ಅದನ್ನು ಓದುವ ಯಂತ್ರ, ಅಂದರೆ 1982ರಲ್ಲಿ ಬ್ರಿಟನ್‌ನಲ್ಲಿ ಹೊರಬಂದ ಝಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಪುಟಾಣಿ ಕಂಪ್ಯೂಟರ್, ಮೊನ್ನೆ ವಿಜಯಪುರದ ನಮ್ಮ ಮನೆಯ ಅಟ್ಟದಲ್ಲಿ ಜೋಳದ ಚೀಲದ ಹಿಂದೆ ಸಿಕ್ಕಿತು. ಮೆಮೊರಿ 48 ಕೆಬಿ. ಅವ್ವ ದಿನಾ ಬೆಳಿಗ್ಗೆ ಕಳಿಸುವ ಶುಭೋದಯದ ಫೋಟೋ ಕೂಡ ಅದರಲ್ಲಿ ಹಿಡಿಯುವುದಿಲ್ಲ.

ಕಾಕಾನ ಮಗನಿಗೆ ಫೋನ್ ಮಾಡಿ, "ಟೇಪಿನ ಸದ್ದು ರೆಕಾರ್ಡ್ ಮಾಡಿ ಕಳಸಪಾ" ಅಂದೆ. ಅವನು ಟೇಪ್ ರೆಕಾರ್ಡರ್ ಮುಂದೆ ಮೊಬೈಲ್ ಹಿಡಿದು ವಾಯ್ಸ್ ಮೆಸೇಜ್ ಕಳಿಸಿಬಿಟ್ಟ. ನಾನು ಮೊಬೈಲ್‌ನಿಂದ ವೈರ್ ಎಳೆದು ಕಂಪ್ಯೂಟರಿಗೆ ಚುಚ್ಚಿ, ಜೆ ಕೀ ಒತ್ತಿದೆ (ಅದೊಂದು ಒತ್ತಿದರೆ ಲೋಡ್ ಅನ್ನೋ ಇಡೀ ಪದ ಬೀಳುತ್ತದೆ, ನನ್ನಂಥ ಸೋಮಾರಿಗೆ ಹೇಳಿ ಮಾಡಿಸಿದ್ದು). ಹಳೇ ಟಿವಿಯ ಅಂಚಿನಲ್ಲಿ ಕೆಂಪು ಗೆರೆ ಓಡಿದವು, ಆಮೇಲೆ ನೀಲಿ-ಹಳದಿ, ಆಮೇಲೆ ‘ಟೇಪ್ ಲೋಡಿಂಗ್ ಎರರ್’. ಕಿವಿಗೆ ಇಯರ್‌ಫೋನ್ ಹಾಕಿ ಕೇಳಿದರೆ ಕಿರಚಾಟದ ನಡುವೆ ಕಾಕಿಯ ದನಿ: "ಚಾ ಆರಾಕತ್ತೈತಿ, ಬರ್ರಿ."

ಈ ಯಂತ್ರಕ್ಕೆ ಸೊನ್ನೆ ಅಂದರೆ ಗಿಡ್ಡ ಸದ್ದು, ಒಂದು ಅಂದರೆ ಅದರ ಎರಡರಷ್ಟು ಉದ್ದದ ಸದ್ದು. ವಾಯ್ಸ್ ಮೆಸೇಜ್ ಮನುಷ್ಯರ ಮಾತು ಕೇಳಿಸಿದರೆ ಸಾಕು ಅಂತ ಉಳಿದದ್ದನ್ನೆಲ್ಲ ಹಿಂಡಿ ತೆಗೆದಿರುತ್ತದೆ. ಹಾಗಾಗಿ ಕಾಕಿಯ ಚಾ ಸ್ಪಷ್ಟವಾಗಿ ಬಂತು, ಲೆಕ್ಕ ಬರಲಿಲ್ಲ.

ಎರಡನೇ ಸಲ ವೈರಿನಲ್ಲೇ ನೇರ ರೆಕಾರ್ಡ್ ಮಾಡಿ, ಏನೂ ಹಿಂಡದ ವೇವ್ ಫೈಲ್ ಕಳಿಸಿದ. ಎಲ್ಲಾ ಚೆನ್ನಾಗಿ ನಡೀತಿತ್ತು, ನಾಲ್ಕನೇ ನಿಮಿಷಕ್ಕೆ ನನ್ನ ಮೊಬೈಲ್ ಟಿಂಗ್ ಅಂತು. ಗ್ಯಾಸ್ ಸಿಲಿಂಡರ್ ಬುಕ್ ಆಗಿತ್ತು. ಮೂರನೇ ಸಲ ಏರೋಪ್ಲೇನ್ ಮೋಡ್. ವಾಲ್ಯೂಮ್ ಕಡಿಮೆ ಇಟ್ಟರೆ ಅದಕ್ಕೆ ಕೇಳಿಸಲ್ಲ, ಜಾಸ್ತಿ ಇಟ್ಟರೆ ಸದ್ದು ಒಡೆಯುತ್ತದೆ. ನಡುವೆ ಎಲ್ಲೋ ಇಟ್ಟೆ. ಪೂರ್ತಿ ಓದಿತು. ಓದಿ, ಓದಿದ್ದು ಸರಿಯೋ ತಪ್ಪೋ ಅಂತ ತಾಳೆ ನೋಡಲು ಕೊನೆಯಲ್ಲಿಟ್ಟಿರುವ ಒಂದೇ ಒಂದು ಬೈಟ್ ಕೂಡಲಿಲ್ಲ ಅಂತ ಎರರ್ ಕೊಟ್ಟಿತು! ಹೋಳಿಗೆ ಊಟ ಪೂರ್ತಿ ಉಂಡು, ಕೈ ತೊಳೆಯುವಾಗ ಬ್ಯಾಳಿಗೆ ಉಪ್ಪು ಕಡಿಮೆ ಅನ್ನುವ ಬೀಗರು ಇರ್ತಾರಲ್ಲ, ಥೇಟ್ ಹಾಗೆ.

ಭಾನುವಾರ ಕೊಲ್ಹಾರದ ಸೇತುವೆ ದಾಟಿ ಹೋಗಿ ಕ್ಯಾಸೆಟ್ಟು, ಟೇಪ್ ರೆಕಾರ್ಡರ್ ಎರಡನ್ನೂ ಹೊತ್ತು ತಂದೆ. ಕಾಕಾ ಫೋನಿನಲ್ಲೇ ಬೈದ: "ಟೇಪ್ ಓದೂ ಹೆಡ್ ಒರಸೀಯೇನು ಮೊದಲ?" ಹತ್ತಿಗೆ ಸ್ಪಿರಿಟ್ ಹಚ್ಚಿ ಒರೆಸಿದೆ, ತಂಬಾಕಿನ ಬಣ್ಣದ ಹೊಲಸು ಬಂತು. ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಸದ್ದು ಚೂಪಾಗುವ ತನಕ ಒಂದೊಂದು ಕೂದಲೆಳೆಯಷ್ಟು ತಿರುವಿದೆ.

ಲೋಡ್ ಆಯ್ತು! ಪಟ್ಟಿಯ ಮೊದಲ ಸಾಲು: ಅಣ್ಣ, 412 ರೂಪಾಯಿ.

ಕಾಕಾನ ಅಣ್ಣ ಅಂದರೆ ನಮ್ಮಪ್ಪ. ಹಿಂದೆಯೇ ನಿಂತಿದ್ದರು. "ಹನ್ನೆರಡು ಇತ್ತು. ನಿನ್ನ ವೈರ್ ಕೆಟ್ಟೈತಿ" ಅಂದರು. ತಾಳೆ ಕೂಡಿದೆ ಅಪ್ಪಾ ಅಂದೆ. ಸುಮ್ನಿರಬೇಕಿತ್ತು. ಜಾಣತನ ತೋರಿಸಲು ಹೋಗಿ, ಒಂದೇ ಸ್ಥಾನದ ಬಿಟ್, ಅಂದರೆ ಆ ಸೊನ್ನೆಯೋ ಒಂದೋ, ಎರಡು ಬೈಟ್‌ಗಳಲ್ಲಿ ತಪ್ಪಿದರೆ ಒಂದಕ್ಕೊಂದು ವಜಾ ಆಗಿ ತಾಳೆ ಸರಿಯಾಗೇ ಕಾಣುತ್ತದೆ ಅಂತಲೂ ಹೇಳಿಬಿಟ್ಟೆ.

"ನೋಡು, ನೀನ ಹೇಳಿದಿ."

ಆಮೇಲೆ ಮೂರು ಸಲ ಲೋಡ್ ಮಾಡಿದ್ದೇನೆ. ಮೂರೂ ಸಲ 412. ಕಾಕಾ ದಿನಾ ಫೋನ್ ಮಾಡುತ್ತಾನೆ. ಅಪ್ಪ ನಿನ್ನೆಯಿಂದ ಈ ಕಂಪ್ಯೂಟರ್ ಗುಜರಿಗೆ ಎಷ್ಟಕ್ಕೆ ಹೋಗತೈತಿ ಅಂತ ವಿಚಾರಿಸುತ್ತಿದ್ದಾರೆ.