ಕ್ಲಿಪ್ ತೆಗೆದ ಮೇಲೂ ಕೆಲಸ ಇದೆ

ಹಲ್ಲು ನೇರ ಮಾಡುವ ಕ್ಲಿಪ್ ಬಗ್ಗೆ ನಿಮ್ಮ ಲೇಖನ ಚೆನ್ನಾಗಿದೆ, ಆದರೆ ಎರಡು ವರ್ಷ ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡರೆ ಮುಗಿಯಿತು ಅಂತ ಬರೆದಿದ್ದೀರಲ್ಲ, ಅದು ಅರ್ಧ ಮಾತು. ತೆಗೆದ ಮೇಲೆ ರಿಟೇನರ್ ಕೊಡುತ್ತಾರೆ, ಅಂದರೆ ಹಲ್ಲನ್ನು ಹೊಸ ಜಾಗದಲ್ಲೇ ಹಿಡಿದಿಡುವ ಸಾಧನ. ಅದನ್ನು ಹಾಕಿಕೊಳ್ಳದೆ ಡಬ್ಬಿಯಲ್ಲಿ ಇಟ್ಟರೆ ಹಲ್ಲು ಮೆಲ್ಲಗೆ ಹಳೇ ಜಾಗಕ್ಕೇ ಹೊರಡುತ್ತದೆ, ಯಾಕೆಂದರೆ ಸುತ್ತಲಿನ ಮೂಳೆ ಗಟ್ಟಿಯಾಗಲು ಸಮಯ ಬೇಕು. ನನ್ನ ಮಗಳು ಈಗಲೂ ರಾತ್ರಿ ಹಾಕಿಕೊಂಡೇ ಮಲಗುತ್ತಾಳೆ.

ನಮ್ಮ ಚಿಂತಾಮಣಿ, ಬಾಗೇಪಲ್ಲಿ ಕಡೆಯವರಿಗೆ ಇನ್ನೊಂದು ವಿಷಯ. ಇಲ್ಲಿ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ, ಎಷ್ಟೋ ಮಕ್ಕಳ ಹಲ್ಲಲ್ಲಿ ಕಂದು ಕಲೆ ಇರುತ್ತದೆ ಅಲ್ವಾ? ಅಂಥ ಹಲ್ಲಿನ ಮೇಲೆ ಬ್ರಾಕೆಟ್ (ತಂತಿ ಹಿಡಿಯಲು ಹಲ್ಲಿಗೆ ಅಂಟಿಸುವ ಸಣ್ಣ ತುಂಡು) ಅಂಟು ಸರಿಯಾಗಿ ಹಿಡಿಯದೆ ಕಿತ್ತು ಬರಬಹುದು, ಅದಕ್ಕೆ ಮೊದಲೇ ಡಾಕ್ಟರನ್ನು ಕೇಳಿ. ಕ್ಲಿಪ್ ಹಾಕಿಸಿದರೆ ಕಲೆಯೂ ಹೋಗುತ್ತದೆ ಅಂದುಕೊಳ್ಳಬೇಡಿ, ಅದಕ್ಕೆ ಬೇರೆ ಚಿಕಿತ್ಸೆ.

ಊಟದ ಚಿಂತೆ ನಮಗೆ ಕಡಿಮೆ, ಮುದ್ದೆ ನುಂಗೋದೇ ತಾನೆ, ಅಗಿಯೋ ಕೆಲಸವೇ ಇಲ್ಲ! ಚಕ್ಕುಲಿ, ನಿಪ್ಪಟ್ಟು, ಕಬ್ಬು ಮಾತ್ರ ಬಿಡಲೇಬೇಕು. ಸೀಬೆಕಾಯಿಯನ್ನು ಕಚ್ಚಿ ತಿನ್ನದೆ ಸಣ್ಣಗೆ ಹೆಚ್ಚಿಕೊಂಡು ತಿನ್ನಲಿ. ತಂತಿ ಕೆನ್ನೆಗೆ ಚುಚ್ಚಿದರೆ ಕ್ಲಿನಿಕ್ಕಿನಲ್ಲಿ ಮೇಣ ಕೊಡುತ್ತಾರೆ, ಸಣ್ಣ ಉಂಡೆ ಮಾಡಿ ಅಂಟಿಸಿ, ಸುಮ್ನೆ ಮನೆಯಲ್ಲೇ ಇಕ್ಕಳ ಹಿಡಿದು ಕೂರಬೇಡಿ. ಬ್ರಾಕೆಟ್ ಸುತ್ತ ದಿನಾ ಸರಿಯಾಗಿ ಉಜ್ಜದಿದ್ದರೆ ಕೊನೆಗೆ ಹಲ್ಲು ನೇರ ಆಗಿರುತ್ತದೆ, ಮೇಲೆ ಬಿಳಿ ಚುಕ್ಕೆ ಉಳಿದಿರುತ್ತದೆ, ಅವು ಸುಲಭಕ್ಕೆ ಹೋಗುವುದಿಲ್ಲ.

ಖರ್ಚು ಜಾಸ್ತಿ ಅನ್ನಿಸಿದರೆ ಡೆಂಟಲ್ ಕಾಲೇಜಿನಲ್ಲಿ ವಿಚಾರಿಸಿ, ಕೆ.ಜಿ.ಎಫ್.ನಲ್ಲೂ ಒಂದಿದೆ. ಕಾಯುವುದು ಜಾಸ್ತಿ, ದುಡ್ಡು ಸಾಮಾನ್ಯವಾಗಿ ಕಡಿಮೆ.